ಅತ್ತೆಗೆ ಗೊತ್ತಿಲ್ಲದ ಕೋಬಿ

ಮೊನ್ನೆ ಜಮಖಂಡಿಗೆ ಹೋದಾಗ ಹೊಸದಾಗಿ ತೆರೆದ ಒಂದು ದೊಡ್ಡ ಅಂಗಡಿಯೊಳಗೆ ಹೊಕ್ಕಿದ್ದೆ. ಕೊಳ್ಳುವುದೇನೂ ಇರಲಿಲ್ಲ. ಬಸ್ಸಿಗೆ ಇನ್ನೂ ಹೊತ್ತಿತ್ತು, ಒಳಗೆ ತಣ್ಣಗಿತ್ತು, ಅಷ್ಟೇ. ಈ ವಯಸ್ಸಿಗೆ ಕಾಲುಗಳು ನೆರಳಿದ್ದ ಕಡೆ ತಾವಾಗಿಯೇ ಹೋಗುತ್ತವೆ, ನನ್ನನ್ನು ಕೇಳುವುದಿಲ್ಲ. ಅಲ್ಲಿ ತರಕಾರಿಯ ಗಾಜಿನ ಕಪಾಟಿನಲ್ಲಿ, ಪ್ಲಾಸ್ಟಿಕ್ ಹಾಳೆ ಹೊದ್ದ ಒಂದು ತಟ್ಟೆಯೊಳಗೆ, ನಿಂಬೆಹಣ್ಣಿಗಿಂತ ಸಣ್ಣವಾದ ಎಂಟು ಹತ್ತು ಕೋಬಿಗಳು ಕೂತಿದ್ದವು. ನಾನು ಬಗ್ಗಿ, ಹಾಳೆಯ ಮೇಲಿಂದಲೇ ಒಂದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ.

"ಒತ್ತಬ್ಯಾಡ್ರಿ ಆಂಟಿ, ಕೆಡ್ತಾವು," ಅಂದಳು ಅಂಗಡಿಯ ಹುಡುಗಿ. ಆಮೇಲೆ ಪಾಪ, ಗದರಿಸಿದಂತಾಯಿತೇನೋ ಅನಿಸಿ ಕೇಳಿದಳು, "ಅವು ಏನು ಅಂತ ಗೊತ್ತೇನ್ರಿ ನಿಮಗ?"

"ಗೊತ್ತವ್ವ. ನಮ್ಮ ಹಿತ್ತಲದಾಗ ಬೆಳದಿದ್ದೆ."

ಅವಳು ನಕ್ಕಳು. ನಂಬಲಿಲ್ಲ. ನಂಬಿಸಲು ನನಗೂ ತ್ರಾಣವಿರಲಿಲ್ಲ. ಆದರೆ ನೀವು ನನ್ನ ಜೊತೆ ಬಸ್ಸಿನಲ್ಲಿ ರಬಕವಿಯ ತನಕ ಬರುತ್ತೀರೆಂದು ಇಟ್ಟುಕೊಂಡರೆ, ಹೇಳಲು ಅಷ್ಟು ಹೊತ್ತು ಸಾಕು.

ಎಲೆಕೋಸಿಗೆ ನಮ್ಮ ಕಡೆ ಕೋಬಿ ಅನ್ನುತ್ತೇವೆ. ಈ ಸಣ್ಣ ಜಾತಿಗೆ ಹೊರಗಿನವರು ಬ್ರಸೆಲ್ಸ್ ಸ್ಪ್ರೌಟ್ಸ್ ಅನ್ನುತ್ತಾರೆ. ಅದು ನನ್ನ ಮನೆಗೆ ಬಂದದ್ದು ನನ್ನ ಅಜ್ಞಾನದಿಂದ. ಬೀಳಗಿಗೆ ಕೊಟ್ಟ ಮಗಳು ಒಮ್ಮೆ ಬಂದಾಗ ನನ್ನ ಮೊಬೈಲಿಗೆ ಸಾಮಾನು ತರಿಸುವ ವ್ಯವಸ್ಥೆ ಹಾಕಿಕೊಟ್ಟು ಹೋಗಿದ್ದಳು. ಚಳಿಗಾಲದ ತರಕಾರಿ ಬೀಜ, ಹತ್ತು ಪೊಟ್ಟಣ, ಅಂತ ಚಿತ್ರ ನೋಡಿ ಬೆರಳು ಒತ್ತಿದೆ. ಮೂಲಂಗಿ, ಗಜ್ಜರಿ, ಮೆಂತ್ಯ ಎಲ್ಲ ಪರಿಚಿತರೇ ಬಂದರು. ಹತ್ತನೆಯ ಪೊಟ್ಟಣದ ಮೇಲೆ ಮಾತ್ರ ಒಂದು ವಿಚಿತ್ರ ಗಿಡವಿತ್ತು. ಮೊಳಕಾಲೆತ್ತರದ ದಂಟು, ಅದರ ಮೈತುಂಬ ಕೋಟಿಗೆ ಗುಂಡಿ ಹೊಲಿದಂತೆ ಪುಟ್ಟ ಕೋಬಿಗಳು. ನಮ್ಮ ಮನೆಯವರು ಕನ್ನಡಕ ಏರಿಸಿ ಹೆಸರು ಓದಿ ಹೇಳಿದರು. "ಇದು ತಂಪು ದೇಶದ್ದು. ನಮ್ಮ ಬಿಸಲಾಗ ಬರಂಗಿಲ್ಲ. ಒಗಿ ಅತ್ಲಾಗ," ಅಂದು ಮತ್ತೆ ತಮ್ಮ ಮಗ್ಗದ ಕಡೆ ಹೋದರು. ನಮ್ಮ ಮನೆಯ ಮುಂಭಾಗದಲ್ಲಿ ಎರಡು ಪವರ್‌ಲೂಮ್ ಇವೆ. ಅವರ ಅರ್ಧ ಮಾತು ಅದರ ಖಟಖಟದಲ್ಲೇ ಹೋಗುತ್ತದೆ, ಉಳಿದ ಅರ್ಧ ಇಂಥದ್ದು.

ನಾನು ಒಗೆಯಲಿಲ್ಲ. ಒಗೆಯದೇ ಇದ್ದದ್ದಕ್ಕೆ ಕಾರಣ ಹೇಳಲು ಸ್ವಲ್ಪ ನಾಚಿಕೆ.

ನಮ್ಮ ಅತ್ತೆ ನೀಲವ್ವನವರ ಬಗ್ಗೆ ಹೇಳಬೇಕು. ಮದುವೆಯಾಗಿ ಆ ಮನೆಗೆ ಬಂದು ಮೂವತ್ತನಾಲ್ಕು ವರ್ಷವಾಗಿದ್ದರೂ ಹಿತ್ತಲು ಅವರದೇ ಆಗಿತ್ತು. ಅಡುಗೆಮನೆ ನನಗೆ ಬಂತು, ಕೀಲಿಕೈ ಬಂತು, ಮೊಣಕಾಲು ನೋವು ಬಂತು, ಹಿತ್ತಲು ಬರಲಿಲ್ಲ. ಒಂದು ಮೆಣಸಿನ ಗಿಡಕ್ಕೆ ನಾನು ನೀರು ಹಾಕಿದರೂ, ಹಿಂದಿನಿಂದ ದನಿ ಬರುತ್ತಿತ್ತು: "ಬೇರಿಗಿ ಹಾಕ ಬೇ, ಎಲಿಗಿ ಜಳಕ ಮಾಡಸಬ್ಯಾಡ." ಅವರು ಹೇಳುವುದು ಸರಿ ಇರುತ್ತಿತ್ತು. ಅದೇ ತೊಂದರೆ. ಸದಾ ಸರಿಯಿರುವವರ ಜೊತೆ ಬಾಳುವುದು ಎಷ್ಟು ಕಷ್ಟ ಎಂಬುದು ಬಾಳಿದವರಿಗೇ ಗೊತ್ತು.

ಎಂಬತ್ತು ದಾಟಿದ ಮೇಲೆ ಅವರ ಕಣ್ಣಿನ ನರ ಒಣಗಿತು. ಮೊದಲು ಬದಿಯ ನೋಟ ಹೋಯಿತು, ಆಮೇಲೆ ನಡುವಿನದೂ. ಆಗ ಹಿತ್ತಲು ನನ್ನ ಪಾಲಿಗೆ ಬಂತು. ಜೊತೆಗೆ ಅತ್ತೆಯೂ ಬಂದರು. ಕೈ ಹಿಡಿದು ಬಚ್ಚಲಿಗೆ, ಕೈ ಹಿಡಿದು ಕಟ್ಟೆಗೆ, ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಕೈಗೆ, ಗುಳಿಗೆ ಎಣಿಸಿ ಬಾಯಿಗೆ. ಮಗ ಎದುರಿಗೇ ಇದ್ದರೂ ಅವರು ಕೂಗುತ್ತಿದ್ದದ್ದು ನನ್ನನ್ನು. ದಣಿವು ಅಂದರೆ ನಾನು ಮೈನೋವು ಹೇಳುತ್ತಿಲ್ಲ. ಮೈನೋವಿಗೆ ಎಣ್ಣೆ ಇದೆ. ಒಗೆದ ಬಟ್ಟೆ ಮಡಚುತ್ತ ಕೂತಾಗ ಅಡಿಯಲ್ಲಿ ಇನ್ನೂ ಒಂದು ಲಂಗ ಉಳಿದದ್ದು ಕಂಡು ಅಳು ಬರುತ್ತದಲ್ಲ, ಅಂಥದ್ದು.

ಅಂಥ ದಿನಗಳಲ್ಲಿ ಆ ಪೊಟ್ಟಣ ಕೈಗೆ ಬಂತು. ನನಗೆ ಹೊಳೆದದ್ದು ಇಷ್ಟೇ: ಈ ಗಿಡ ಅತ್ತೆಗೆ ಗೊತ್ತಿಲ್ಲ. ಇದರ ಬಗ್ಗೆ ಅವರು ಒಂದೂ ಮಾತು ಹೇಳಲಾರರು. ಇಡೀ ಹಿತ್ತಲಿನಲ್ಲಿ ಒಂದು ಸಾಲಾದರೂ ನನ್ನದಿರಲಿ, ಅಲ್ಲಿ ಅವರ ದನಿ ಬಾರದಿರಲಿ. ಕಣ್ಣಿಲ್ಲದ ಮುದುಕಿಯ ಮೇಲೆ ಐವತ್ತೆಂಟರ ಸೊಸೆ ಹೂಡಿದ ಸಂಚು ಇದು. ನಗಬೇಕೆನಿಸಿದರೆ ನಗಿ, ನಾನೂ ಈಗ ನಗುತ್ತೇನೆ.

ಒಡೆದ ಕೊಡದಲ್ಲಿ ಸಸಿ ಮಾಡಿದೆ. ದಸರೆಯ ಹೊತ್ತಿಗೆ ಹನ್ನೊಂದು ಸಸಿ ಗೇಣುದ್ದವಾದವು. ಗೊಬ್ಬರಕ್ಕೆ ಚಿಮ್ಮಡದ ಮಾಳವ್ವನಿಗೆ ಹೇಳಿದೆ. ಅವಳದು ಕುರಿ ಕಾಯುವ ಮನೆತನ, ಬೀರಪ್ಪನ ಭಂಡಾರದ ಅರಿಸಿನ ಹಣೆಯಲ್ಲಿಲ್ಲದೆ ಮನೆ ಬಿಡದವಳು. ವಾರಕ್ಕೊಮ್ಮೆ ಬೆಣ್ಣೆ ಮಾರಲು ನಮ್ಮ ಓಣಿಗೆ ಬರುತ್ತಿದ್ದಳು. ಒಂದು ಚೀಲ ಕುರಿಹಿಕ್ಕಿ ತಂದು ಸುರಿದು, ಪೊಟ್ಟಣದ ಚಿತ್ರ ನೋಡಿ, "ಅಯ್ಯ ಯವ್ವ, ಇದು ಗುಂಡಿ ಕೋಬಿ!" ಅಂದಳು. ನಮ್ಮ ಕಡೆ ಗುಂಡಿ ಅಂದರೆ ಅಂಗಿಯ ಗುಂಡಿ. ಹೆಸರು ನಿಂತಿತು.

ಸಸಿ ಹಚ್ಚುವ ದಿನ ಅತ್ತೆಯನ್ನು ಕಟ್ಟೆಯ ಮೇಲೆ ಕೂರಿಸಿ, ಸದ್ದಿಲ್ಲದೆ ಹಿತ್ತಲಿಗೆ ಹೋದೆ. ಮೂರನೆಯ ಸಸಿಗೆ ಬರುವಷ್ಟರಲ್ಲಿ ಬಾಗಿಲ ಕಡೆಯಿಂದ ದನಿ ಬಂತು.

"ಏನ ಬೇ, ಏನ ಹಚ್ಚಾಕತ್ತಿ?"

"ಕೋಬಿನ್ರೀ ಅತ್ಯಾರ."

"ಸುಳ್ಳ. ಕೋಬಿ ಇಷ್ಟ ದೂರ ದೂರ ಹಚ್ಚತಾರೇನು?" ನನ್ನ ಹೆಜ್ಜೆ ಎಣಿಸಿದ್ದರು. "ಯಾವದಾರ ಆಗ್ಲಿ. ಮಣ್ಣ ಸಡ್ಲ ಬಿಟ್ಟೀದಿ. ಕಾಲಿಲೆ ತುಳಿ. ಗಿಡ ಗಾಳಿಗಿ ಅಲ್ಲಾಡಿದ್ರ ಗಟ್ಟಿ ಆಗಂಗಿಲ್ಲ."

ನನಗೆ ಸಿಟ್ಟು ಬಂತು. ತುಳಿಯಲಿಲ್ಲ. ಆ ಸಂಜೆ ಪೊಟ್ಟಣದ ಹಿಂದಿನ ಸಣ್ಣ ಅಕ್ಷರಗಳನ್ನು ಮನೆಯವರಿಂದ ಓದಿಸಿದೆ. ಸಸಿ ನೆಟ್ಟ ಮೇಲೆ ಸುತ್ತಲ ಮಣ್ಣನ್ನು ಕಾಲಿನಿಂದ ಚೆನ್ನಾಗಿ ಒತ್ತಬೇಕು, ಸಡಿಲ ನೆಲದಲ್ಲಿ ಕೋಬಿ ಬಿಗಿಯಾಗುವುದಿಲ್ಲ, ಎಂದು ಬರೆದಿತ್ತು. ಮರುದಿನ ಅತ್ತೆ ಜಳಕಕ್ಕೆ ಕೂತಿದ್ದಾಗ ಹೋಗಿ ಹನ್ನೊಂದನ್ನೂ ತುಳಿದು ಬಂದೆ.

ಕಾರ್ತಿಕದ ಹೊತ್ತಿಗೆ ಗಿಡಗಳು ತೊಡೆಯೆತ್ತರ ಬಂದವು. ಎಲೆಯ ಸಂದಿಯಲ್ಲಿ ಬಟಾಣಿಯಷ್ಟು ಗುಂಡಿಗಳು ಮೂಡಿದವು. ಒಂದು ಬೆಳಿಗ್ಗೆ ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಹೊರಗೆ ಅತ್ತೆ ಗಟ್ಟಿಯಾಗಿ ಕೂಗಿದರು. ಓಡಿ ಹೋದರೆ, ಅವರು ಗೋಡೆ ಹಿಡಿದು ಹಿಡಿದು ಹಿತ್ತಲಿಗೆ ಬಂದು ನನ್ನ ಸಾಲಿನ ನಡುವೆ ನಿಂತು ಒಂದು ಗಿಡವನ್ನು ಎರಡೂ ಕೈಯಿಂದ ತಡವುತ್ತಿದ್ದರು.

"ಅಯ್ಯಯ್ಯ, ಇದರ ಮೈತುಂಬ ಗಂಟ ಎದ್ದಾವಲ್ಲ ಬೇ! ಗಿಡಕ್ಕ ಕಜ್ಜಿ ಹತ್ತೇತಿ. ಕಿತ್ತ ಒಗಿ, ಬ್ಯಾರೆದ್ದಕ್ಕ ಹಬ್ಬತೈತಿ."

"ಅದು ಕಜ್ಜಿ ಅಲ್ರಿ ಅತ್ಯಾರ. ಅವೇ ಕೋಬಿ. ಹಿಂಗ ಆಗ್ತಾವು."

"ಯಾರ ಹೇಳಿದ್ರು?"

"ಪೊಟ್ಟಣದ ಮ್ಯಾಲ ಐತ್ರಿ."

ಅವರ ಬೆರಳು ನಿಲ್ಲಲಿಲ್ಲ. ಕೆಳಗಿನಿಂದ ಮೇಲಕ್ಕೆ ಒಂದೊಂದೇ ಗುಂಡಿಯನ್ನು ಮುಟ್ಟುತ್ತ ಹೋಯಿತು. ಕೊನೆಗೆ ಅವರು ಅಂದ ಮಾತು ನಾನು ಮೂವತ್ತನಾಲ್ಕು ವರ್ಷ ಕಾದಿದ್ದ ಮಾತು: "ಇದು ನನಗ ಗೊತ್ತಿಲ್ಲ ನೋಡು."

ಗೆದ್ದೆ ಅನಿಸಬೇಕಿತ್ತು. ಅನಿಸಲಿಲ್ಲ. ಅವರ ಮುಖದಲ್ಲಿ ಸೋತ ಕಳೆ ಇರಲಿಲ್ಲ; ಬಹಳ ದಿನದ ಮೇಲೆ ಹೊಸದೊಂದು ಕೈಗೆ ಸಿಕ್ಕ ಹಿಗ್ಗಿತ್ತು.

ಅಂದಿನಿಂದ ದಿನಾ ಹಿತ್ತಲಿಗೆ ಹೋಗಬೇಕೆಂದು ಹಟ ಹಿಡಿದರು. ಕೈ ಹಿಡಿದು ಕರೆದೊಯ್ಯುವ ಕೆಲಸ ಇನ್ನೊಂದು ಹೆಚ್ಚಾಯಿತೆಂದು ನಾನು ಗೊಣಗಿದೆ. ಗೊಣಗಿದ್ದು ಕೇಳಿಸಿತೇನೋ, ಮನೆಯವರು ಮಗ್ಗದ ಚಿಂದಿ ನೂಲು ಹೊಸೆದು ಹಗ್ಗ ಮಾಡಿ, ಹಿತ್ತಲ ಬಾಗಿಲಿನಿಂದ ನನ್ನ ಸಾಲಿನ ತನಕ ಸೊಂಟದೆತ್ತರಕ್ಕೆ ಕಟ್ಟಿಕೊಟ್ಟರು. ಅತ್ತೆ ಅದನ್ನು ಹಿಡಿದು ತಾವೇ ಹೋಗಿ, ತಾವೇ ಕುಕ್ಕರಗಾಲಲ್ಲಿ ಕೂತು, ಗಿಡದಿಂದ ಗಿಡಕ್ಕೆ ಸರಿಯುತ್ತಿದ್ದರು.

ಛಟ್ಟಿ ಅಮಾವಾಸ್ಯೆ ಕಳೆದ ಮೇಲೆ ಗಿಡಗಳಿಗೆ ಬೂದಿಬಣ್ಣದ ಹೇನು ಬಿದ್ದವು. ಗುಂಡಿಗಳ ಸಂದಿಯಲ್ಲಿ ಹೊಕ್ಕು ಕೂರುವ ಅವು ನನ್ನ ಕನ್ನಡಕಕ್ಕೆ ಕಾಣುತ್ತಿರಲಿಲ್ಲ. ಬೂದಿ ಹಾಕಿದೆ, ಸಾಬೂನಿನ ನೀರು ಹೊಡೆದೆ, ಹೋಗಲಿಲ್ಲ. ಅತ್ತೆಯ ಬೆರಳಿಗೆ ಮಾತ್ರ ಅವು ಸಿಗುತ್ತಿದ್ದವು. ಅವರು ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಕೈಮಗ್ಗಕ್ಕೆ ಕಂಡಿಕಿ ಸುತ್ತಿದವರು. ಕಂಡಿಕಿ ಅಂದರೆ ಲಾಳಿಯೊಳಗೆ ಕೂರಿಸುವ ನೂಲಿನ ಸುತ್ತು. ಓಡುವ ಎಳೆಯಲ್ಲಿ ಗಂಟು ಬಂದರೆ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯಬೇಕು. ಆ ಬೆರಳುಗಳು ಒಂದೊಂದು ಗುಂಡಿಯ ಸುತ್ತಲೂ ಒಮ್ಮೆ ತಿರುಗಿ, ಹೇನು ಸವರಿ, ಮುಂದಿನದಕ್ಕೆ ಹೋಗುತ್ತಿದ್ದವು. ನಾನು ಪಕ್ಕದಲ್ಲಿ ನೀರಿನ ತಂಬಿಗೆ ಹಿಡಿದು ಕೂರುತ್ತಿದ್ದೆ. ಒಮ್ಮೆ, "ತುದಿ ಚೂಟು, ಇಲ್ಲಾಂದ್ರ ಗಿಡ ಮ್ಯಾಲಮ್ಯಾಲ ಹೋಗ್ತೈತಿ," ಅಂದರು. ಪೊಟ್ಟಣ ಓದಿಸಿ ನೋಡುವ ಗೋಜಿಗೆ ಹೋಗದೆ ಚೂಟಿದೆ.

ಇಷ್ಟೆಲ್ಲ ಆದ ಮೇಲೆ ದಣಿವು ಕಡಿಮೆಯಾಯಿತೆಂದು ನೀವು ಅಂದುಕೊಂಡರೆ, ಆಗಲಿಲ್ಲ. ಹಿತ್ತಲಿನಲ್ಲಿ ಒಂದು ತಾಸು ಚೆಂದ ಇರುತ್ತಿತ್ತು, ಉಳಿದ ತಾಸುಗಳು ಇದ್ದಂತೆಯೇ ಇದ್ದವು. ಅವರು ಬಚ್ಚಲಲ್ಲಿ ಜಾರಿ ಬಿದ್ದ ದಿನ, ಎತ್ತಲು ಹೋಗಿ ನನ್ನ ಸೊಂಟ ಹಿಡಿಯಿತು. ಮೂರು ದಿನ ಗೋಡೆ ಹಿಡಿದು ನಡೆದೆ. ನಾಲ್ಕನೆಯ ದಿನ ಹಿತ್ತಲಿನ ಬಾವಿಯ ಹತ್ತಿರ ನಿಂತು ಮುಧೋಳದಲ್ಲಿದ್ದ ಮೈದುನನಿಗೆ ಫೋನು ಮಾಡಿದೆ.

"ಇನ್ನ ನನ್ನ ಕೈಲಿ ಆಗಂಗಿಲ್ಲಪ. ಮೂರ ತಿಂಗಳರ ಅವರನ್ನ ಒಯ್ರಿ. ನಾ ಒಮ್ಮಿ ಮಲಗಬೇಕಾಗೇತಿ."

ಇಷ್ಟೇ ಹೇಳಿದ್ದು. ಹೇಳಿ ಅತ್ತುಬಿಟ್ಟೆ. ಅವನು ಒಳ್ಳೆಯವನು. "ಸಂಕ್ರಮಣ ಮುಗದ ಮ್ಯಾಲ ಬರತೇನ್ರಿ ವೈನಿ," ಅಂದ. ಅವನು ಬರುವುದನ್ನು ಮನೆಯವರಿಗೆ ಹೇಳಿದೆ, ಅವರು ತಲೆಯಾಡಿಸಿದರು. ಅತ್ತೆಗೆ ಹೇಳಲು ಬಾಯಿ ಬರಲಿಲ್ಲ. ನಾಳೆ, ನಾಳೆ ಎಂದು ಹದಿನೈದು ದಿನ ಕಳೆದೆ. ಆ ಹದಿನೈದು ದಿನವೂ ಅವರು ಹಗ್ಗ ಹಿಡಿದು ಹಿತ್ತಲಿಗೆ ಹೋಗಿ ಬರುತ್ತಿದ್ದರು, ನಾನು ತಂಬಿಗೆ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದೆ.

ಮೈದುನನ ಕಾರು ಬಂದ ದಿನ ಬೆಳಿಗ್ಗೆ ಅತ್ತೆಯ ಬಟ್ಟೆ ಜೋಡಿಸಲು ಹೋದೆ. ಚೀಲ ಆಗಲೇ ತುಂಬಿತ್ತು. ಸೀರೆ, ಕುಪ್ಪಸ, ಗುಳಿಗೆಯ ಡಬ್ಬಿ, ಎಲ್ಲ ತಡವಿ ತಡವಿ ಅವರೇ ಇಟ್ಟುಕೊಂಡಿದ್ದರು.

"ಅತ್ಯಾರ, ನಿಮಗ ಯಾರ ಹೇಳಿದ್ರು?"

"ನೀನ ಹೇಳಿದಿ. ನೀ ಫೋನಿನ್ಯಾಗ ಮಾತಾಡೂಮುಂದ ನಾ ಕೋಬಿ ಗಿಡದ ಹಿಂದ ಕುಂತಿದ್ದೆ."

ಗಿಡಗಳು ಅಷ್ಟು ಎತ್ತರವಾಗಿದ್ದವು, ಅವರು ಅಷ್ಟು ಸಣ್ಣವರಾಗಿದ್ದರು. ನಾನು ಅವರ ಕಾಲ ಹತ್ತಿರ ಕೂತೆ. ತಪ್ಪಾತ್ರಿ ಅನ್ನಬೇಕೆಂದುಕೊಂಡೆ. ಅವರು ನನ್ನ ತಲೆ ಹುಡುಕಿ ಅದರ ಮೇಲೆ ಕೈ ಇಟ್ಟರು.

"ನೀ ದಣದೀದಿ ಬೇ. ನಮ್ಮತ್ತಿ ಹನ್ನೊಂದ ವರ್ಷ ಹಾಸಿಗಿ ಹಿಡದಿದ್ಲು. ನಾನೂ ದಣದಿದ್ದೆ. ಯಾರೂ ಕೇಳಲಿಲ್ಲ, ನಾನೂ ಯಾರ ಮುಂದೂ ಹೇಳಲಿಲ್ಲ. ಆ ಸಿಟ್ಟೆಲ್ಲ ಮುಂದ ನಿನ್ನ ಮ್ಯಾಲ ತೀರಿಸಿಕೊಂಡೆ. ನೀ ಬಾಯಿ ಬಿಟ್ಟ ಹೇಳಿದಿ. ಛಲೋ ಮಾಡಿದಿ."

ನೋಡಿ, ಆ ಮನೆಯಲ್ಲಿ ಅಷ್ಟು ವರ್ಷದಲ್ಲಿ ನನಗೆ ದಣಿದಿದ್ದೀ ಎಂದು ಹೇಳಿದವರು ಅವರೊಬ್ಬರೇ. ಗಂಡ ಹೇಳಲಿಲ್ಲ, ಮಗಳು ಹೇಳಲಿಲ್ಲ. ಕಣ್ಣಿಲ್ಲದವರು ಹೇಳಿದರು. ಕಾರು ಹೊರಡುವಾಗ ಕಿಟಕಿಯಿಂದ, "ಬಿಗಿ ಆಗೂತನಕ ಹರೀಬ್ಯಾಡ ಮತ್ತ!" ಎಂದು ಕೂಗಿದರು. ಓಣಿಯವರು ಏನು ಹರಿಯಬಾರದೆಂದು ಕೇಳಿಕೊಂಡು ಬಂದರು.

ಅವರು ಹೋದ ಮೇಲೆ ಎರಡು ದಿನ ಮಲಗಿದೆ. ಮೂರನೆಯ ದಿನ ಅವರಿಗೆ ಚಹಾ ಕೊಡುವ ಹೊತ್ತಿಗೇ ಎಚ್ಚರವಾಯಿತು. ಕೆಲಸ ಅರ್ಧಕ್ಕಿಳಿದಿತ್ತು, ಆದರೆ ದಣಿವು ಅಷ್ಟೇ ಇತ್ತು. ಅದನ್ನೆಲ್ಲ ಅತ್ತೆಯೇ ತಂದದ್ದೆಂದು ನಾನು ಲೆಕ್ಕ ಹಾಕಿದ್ದೆ. ಅವರ ಜೊತೆಗೆ ಅದು ಕಾರು ಹತ್ತಿ ಹೋಗಲಿಲ್ಲ. ಮೂವತ್ತನಾಲ್ಕು ವರ್ಷದ್ದು ಎರಡು ದಿನದ ನಿದ್ದೆಗೆ ಹೋಗುವುದೂ ಇಲ್ಲ.

ಹನ್ನೆರಡು ದಿನ ಕಳೆದ ಮೇಲೆ ಗುಂಡಿಗಳು ಒತ್ತಿದರೆ ಬಗ್ಗದಷ್ಟು ಗಟ್ಟಿಯಾದವು. ಎಲ್ಲವೂ ಅಲ್ಲ. ನಮ್ಮ ಬಿಸಿಲಿಗೆ ಅರ್ಧಕ್ಕರ್ಧ ಬಾಯಿ ಬಿಟ್ಟುಕೊಂಡು ಹೂವಿನಂತೆ ಅರಳಿಬಿಟ್ಟಿದ್ದವು; ಮನೆಯವರ ಮಾತೂ ಅರ್ಧ ಖರೆಯಾಯಿತು. ಅರಳಿದ್ದನ್ನು ಮಾಳವ್ವ ಕುರಿಗೆ ಒಯ್ದಳು. ಬಿಗಿಯಾದವು ಒಂದು ಸಣ್ಣ ಬುಟ್ಟಿ ಆದವು. ಮೊದಲ ಹಿಡಿಯನ್ನು ಅನ್ನದಂತೆ ಬೇಯಿಸಿಬಿಟ್ಟೆ. ಆ ವಾಸನೆಗೆ ಮನೆಯವರು ಮಗ್ಗ ನಿಲ್ಲಿಸಿ ಒಳಗೆ ಬಂದು, "ಗಟಾರ ಕಟ್ಟೇತೇನು?" ಎಂದು ಕೇಳಿದರು. ಉಳಿದದ್ದನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಮಹಾಲಿಂಗಪುರದಲ್ಲಿ ಬಸ್ಸು ಬದಲಿಸಿ ಮುಧೋಳಕ್ಕೆ ಹೋದೆ.

ಬಾಗಿಲು ತೆರೆದವಳು ಮೈದುನನ ಹೆಂಡತಿ ಸುವರ್ಣಾ. ನನಗಿಂತ ಹತ್ತು ವರ್ಷ ಸಣ್ಣವಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅಡುಗೆಮನೆಗೆ ಹೋಗಿ ನಾನೇ ಮಾಡಿದೆ. ಗುಂಡಿಗಳನ್ನು ಎರಡು ಹೋಳು ಮಾಡಿ, ಬಳ್ಳೊಳ್ಳಿ ಒಗ್ಗರಣೆ ಕೊಟ್ಟು, ಎಣ್ಣೆಯಲ್ಲಿ ಬಾಡಿಸಿ, ಮೇಲೆ ಶೇಂಗಾ ಪುಡಿ. ಅತ್ತೆಗೆ ರೊಟ್ಟಿಯ ಜೊತೆ ಕೈಗೆ ಕೊಟ್ಟೆ. ಬಹಳ ಹೊತ್ತು ಅಗಿದರು.

"ಕೈ ಐತಿ," ಅಂದರು, ಕಹಿ ಅನ್ನುವುದಕ್ಕೆ. ಆಮೇಲೆ, "ಇದರ ಸಲುವಾಗಿ ಅಷ್ಟ ದಣದ್ಯಾ?"

ಸುವರ್ಣಾ ನಕ್ಕಳು. ನಾನೂ ನಕ್ಕೆ. ಅತ್ತೆ ಮಾತ್ರ ನಗದೆ ಇನ್ನೊಂದಿಷ್ಟು ಹಾಕಿಸಿಕೊಂಡರು. ಕೈ ತೊಳೆಸುವಾಗ ಮೆಲ್ಲಗೆ ಕೇಳಿದರು: "ನಿದ್ದಿ ಆತೇನು?"

"ಆತ್ರಿ."

"ಸುಳ್ಳ ಹೇಳಬ್ಯಾಡ. ದನಿ ಇನ್ನೂ ಹಂಗ ಐತಿ." ಕೈ ಒರೆಸಿಕೊಳ್ಳುತ್ತ ಅಂದರು, "ಯಾರರ ಮಲಗು ಅಂತಾರ ಅಂತ ಕಾಯ್ಕೋತ ಕುಂತ್ರ, ಯಾರೂ ಅನ್ನಂಗಿಲ್ಲ ಬೇ."

ಯುಗಾದಿಗೆ ಮರಳಿ ಬಂದರು. ಅಲ್ಲಿಂದ ಮೂರು ತಿಂಗಳು ಅಲ್ಲಿ, ಮೂರು ತಿಂಗಳು ಇಲ್ಲಿ. ಮತ್ತೆ ಗುಂಡಿ ಕೋಬಿ ಹಾಕಲಿಲ್ಲ, ಬದನೆ ಹಾಕಿದೆವು. ಮರುವರ್ಷ ಶ್ರಾವಣದಲ್ಲಿ, ನಮ್ಮ ಮನೆಯಲ್ಲಿದ್ದಾಗಲೇ, ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಸುವರ್ಣಾ ಮತ್ತು ನಾನು ಕೂಡಿ ಕೊನೆಯ ಜಳಕ ಮಾಡಿಸಿದೆವು.

ಬಸ್ಸು ರಬಕವಿಗೆ ಬಂತು, ಇಳಿಯೋಣ. ಇನ್ನೊಂದು ಮಾತು ಹೇಳಿ ಬಿಡುತ್ತೇನೆ. ಮೊನ್ನೆ ಜಮಖಂಡಿಯಿಂದ ಬಂದವಳು ಚೀಲ ಇಟ್ಟು, ಸೀದಾ ಹಿತ್ತಲಿಗೆ ಹೋದೆ. ಈ ವರ್ಷ ಅಲ್ಲಿ ನಾನು ಏನೂ ಹಾಕಿಲ್ಲ. ಎರೆಮಣ್ಣು ಒಣಗಿ ಬಿರುಕು ಬಿಟ್ಟು ಸುಮ್ಮನೆ ಬಿದ್ದಿದೆ. ಒಳಗಿದ್ದ ಹೊರಸನ್ನು ಎಳೆದು ತಂದು ಖಾಲಿ ಮಡಿಯ ನಡುವೆ ಹಾಕಿ, ಸೆರಗು ಮುಖಕ್ಕೆ ಎಳೆದುಕೊಂಡು ಮಲಗಿದೆ. ಸಂಜೆಯ ಚಹಾದ ಹೊತ್ತು ದಾಟಿತು. ಮಗ್ಗ ನಿಂತ ಸದ್ದು ಕೇಳಿತು. ಮನೆಯವರು ಬಾಗಿಲಲ್ಲಿ ಬಂದು ನಿಂತರು.

"ಯಾಕ? ಆರಾಮ ಇಲ್ಲೇನು?"

"ಆರಾಮ ಅದೀನ್ರಿ. ದಣದೇನಿ."

ಮದುವೆಯಾದಾಗಿನಿಂದ ಅವರ ಎದುರಿಗೆ ನಾನು ಆ ಮಾತು ಆಡಿರಲಿಲ್ಲ. ಅವರು ಒಳಗೆ ಹೋದರು. ಪಾತ್ರೆ ಬಿದ್ದ ಸದ್ದಾಯಿತು. ಹಾಲು ಉಕ್ಕಿ ಒಲೆಗೆ ಸುರಿದ ವಾಸನೆ ಬಂತು. ನಾನು ಏಳಲಿಲ್ಲ. ಏಳದೇ ಇರುವುದು ಎಷ್ಟು ಕಷ್ಟದ ಕೆಲಸವೆಂದು ನಿಮಗೆ ಹೇಳಲಾರೆ. ಹೊರಸಿನ ಚೌಕಟ್ಟನ್ನು ಕೈಯಿಂದ ಹಿಡಿದುಕೊಂಡಿದ್ದೆ. ಬಹಳ ಹೊತ್ತಿನ ಮೇಲೆ ಅವರು ಕಪ್ಪಿನಡಿಯ ಬಸಿಯಲ್ಲಿ ಅರ್ಧ ಚೆಲ್ಲಿಕೊಂಡು ಚಹಾ ತಂದರು.

"ಸಕ್ಕರಿ ಹೆಚ್ಚಾತೇನು?"

"ಹೆಚ್ಚಾಗೇತ್ರಿ," ಅಂದೆ. ಮೊಣಕೈ ಊರಿ ಎಲ್ಲವನ್ನೂ ಕುಡಿದೆ, ಖಾಲಿ ಕಪ್ಪನ್ನು ಅವರ ಕೈಗೇ ಕೊಟ್ಟು, ಆ ಕಡೆ ಮಗ್ಗುಲಾದೆ.